ಇಂಗ್ಲಿಷ್ ಬಾರದ ಅತ್ತೆಗೂ 'ಕೋಕೋ' ಸಿನಿಮಾ ಮನಸ್ಸಿಗೆ ನಾಟಿತು, ಇದು ಹೇಗೆ?

ಬದಿಯಡ್ಕದ ಸೊಸೆ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಳೆಗೆ ಶಾಲೆ ರಜೆ ಇದ್ದಾಗ ಮಕ್ಕಳಿಗೆ ಅಂತ 'ಕೋಕೋ' ಹಾಕಿದೆ. ಪಿಕ್ಸಾರ್‌ನವರ 2017ರ ಅನಿಮೇಷನ್ ಸಿನಿಮಾ, ಮೆಕ್ಸಿಕೋದಲ್ಲಿ ಸತ್ತವರನ್ನು ನೆನೆಯುವ ಹಬ್ಬದ ದಿನ ಒಬ್ಬ ಹುಡುಗ ಸತ್ತವರ ಲೋಕಕ್ಕೆ ಹೋಗುವ ಕಥೆ. ಮಕ್ಕಳು ನೋಡಿದ್ದು ಸರಿ, ಆದರೆ ಅತ್ತೆಯೂ ಕೂತಲ್ಲಿಂದ ಏಳಲಿಲ್ಲ. ಅವರಿಗೆ ತುಳು, ಕನ್ನಡ, ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ಬರುತ್ತದೆ, ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಅದರಲ್ಲಿ ಬರುವ ಅಜ್ಜಿ, ಹುಡುಗ ಸಾಕು ಅಂದರೂ ತಟ್ಟೆಗೆ ಬಡಿಸುತ್ತಲೇ ಇರುತ್ತಾಳಲ್ಲ, ಆಮೇಲೆ ಹಾಡುಗಾರನಿಗೆ ಚಪ್ಪಲಿ ಕೈಗೆತ್ತಿಕೊಂಡು ಬಾರಿಸುತ್ತಾಳಲ್ಲ, ಆಗೆಲ್ಲ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಹುಡುಗ ಮುತ್ತಜ್ಜಿಯ ಮುಂದೆ ಕೂತು ಹಾಡುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಾವು ಸತ್ತವರಿಗೆ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸಿ ಬಾಗಿಲು ಮುಚ್ಚುವುದಿಲ್ವಾ, ಅದೇ ಅಲ್ವಾ ಇದು" ಅಂದರು.

ಮಕ್ಕಳಿಗೋ ಅದೇ ಸಿನಿಮಾ ಬರೀ ಓಟ, ಅಸ್ಥಿಪಂಜರ, ರೆಕ್ಕೆ ಇರುವ ಬಣ್ಣದ ಪ್ರಾಣಿ. ಎರಡು ತಲೆಮಾರಿಗೆ ಒಂದೇ ಸಿನಿಮಾ ಹೀಗೆ ಹಿಡಿಸುವುದು ಹೇಗೆ? ಇಂಥದ್ದೇ ಬೇರೆ ಇದ್ದರೂ ಹೇಳಿ. ಮನೆಯಲ್ಲಿ ಐದು ವರ್ಷದವಳೂ ಇದ್ದಾಳೆ.

ಮಂಜೇಶ್ವರದ ಮಾಷ್ಟ್ರು:
ನಿಮ್ಮ ಅತ್ತೆ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಸತ್ತವರನ್ನು ನೆನೆಯುವವರು ಒಬ್ಬರೂ ಉಳಿಯದಿದ್ದರೆ ಅವರು ಆ ಲೋಕದಿಂದಲೂ ಅಳಿಸಿಹೋಗುತ್ತಾರೆ ಅನ್ನುವುದೇ ಆ ಕಥೆಯ ಬುಡ. ಇದನ್ನು ಯಾರಾದರೂ ವಿವರಿಸಿ ಹೇಳಬೇಕಾಗಿಲ್ಲ. ಮುಖದ ಭಾಗ ಹರಿದುಹೋದ ಒಂದು ಫೋಟೋ ಇದೆ, ಅದು ಪೂಜೆಯ ಮೇಜಿನ ಮೇಲೆ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಇಡೀ ಓಟ ನಿಂತಿದೆ. ಗೋಡೆಯಲ್ಲಿ ಹಿರಿಯರ ಫೋಟೋ ತೂಗುಹಾಕಿ ಹೂ ಏರಿಸುವ ಯಾವ ಮನೆಯವರಿಗೂ ಅದು ತಿಳಿಯುತ್ತದೆ.

ಹಾಡನ್ನು ಗಮನಿಸಿ. ಒಂದೇ ಹಾಡು ಮೊದಲು ದೊಡ್ಡ ಗಾಯಕನ ಬಾಯಲ್ಲಿ ಭರ್ಜರಿಯಾಗಿ ಬರುತ್ತದೆ, ಆಗ ಅದು ಬರೀ ಆಡಂಬರ. ಆಮೇಲೆ ಅದು ಒಬ್ಬ ಅಪ್ಪ ತನ್ನ ಪುಟ್ಟ ಮಗಳಿಗೆ ಹಾಡಿದ ಜೋಗುಳ ಅಂತ ಗೊತ್ತಾಗುತ್ತದೆ. ಕೊನೆಗೆ ಅದೇ ಮಗಳು ಹಣ್ಣು ಹಣ್ಣು ಮುದುಕಿಯಾಗಿ ಎಲ್ಲ ಮರೆತು ಕೂತಿರುವಾಗ ಹುಡುಗ ಹಾಡುತ್ತಾನೆ, ಅವಳ ಬೆರಳು ಅಲುಗುತ್ತದೆ. ಅಷ್ಟು ಹೊತ್ತಿಗೆ ರಾಗ ನಮ್ಮ ಕಿವಿಯಲ್ಲಿ ಇದ್ದೇ ಇದೆ, ಮಾತು ಯಾಕೆ ಬೇಕು? ಆ ಹಾಡಿಗೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ.

ಇನ್ನೊಂದು. ಇದು ಸುಲಭಕ್ಕೆ ಆದ ಸಿನಿಮಾ ಅಲ್ಲ. 2013ರಲ್ಲಿ ಡಿಸ್ನಿಯವರು ಆ ಹಬ್ಬದ ಹೆಸರಿಗೇ ಟ್ರೇಡ್‌ಮಾರ್ಕ್ ಕೇಳಿದರು, ಜನ ಸಿಟ್ಟಾದರು, ಅರ್ಜಿ ವಾಪಸ್ ತೆಗೆದುಕೊಳ್ಳಬೇಕಾಯಿತು. ಆಗ ಖಂಡಿಸಿ ವ್ಯಂಗ್ಯಚಿತ್ರ ಬರೆದ ಲಾಲೋ ಅಲ್ಕಾರಾಸ್ ಅವರನ್ನೇ ಆಮೇಲೆ ಸಲಹೆಗಾರರಾಗಿ ಕರೆದರು. ನಿರ್ದೇಶಕ ಲೀ ಅನ್‌ಕ್ರಿಚ್ ಮೊದಲು ಯೋಚಿಸಿದ್ದ ಕಥೆಯೂ ಹೊರಗಿನವರ ಕಣ್ಣಿನದ್ದಾಗಿತ್ತು, ಅದನ್ನು ಬಿಟ್ಟು ಹೊಸತಾಗಿ ಶುರು ಮಾಡಿದರು. ಮನೆಯೊಳಗಿನವರ ಮಾತು ಕೇಳಿದ್ದಕ್ಕೇ ಆ ಬಡಿಸುವ ಅಜ್ಜಿ ನಿಮ್ಮ ಅತ್ತೆಗೆ ಪರಿಚಯದವಳಂತೆ ಕಂಡದ್ದು ಅಂತ ನನಗೆ ಅನ್ನಿಸುತ್ತದೆ.

ತಾಳವಾಡಿ ಹುಡುಗ:
ಅಕ್ಕ, ಮುಂದಿನದು 'ಅಪ್' ಹಾಕಿ. 2009ರದ್ದು, ಪೀಟ್ ಡಾಕ್ಟರ್ ನಿರ್ದೇಶನ. ಆ ವರ್ಷದ ಕಾನ್ ಚಿತ್ರೋತ್ಸವ ಶುರುವಾದದ್ದೇ ಇದರಿಂದ, ಅದಕ್ಕೆ ಮೊದಲು ಅಲ್ಲಿ ಅನಿಮೇಷನ್ ಸಿನಿಮಾಕ್ಕೆ ಆ ಜಾಗ ಸಿಕ್ಕಿರಲಿಲ್ಲ. ಗಂಡ ಹೆಂಡತಿಯ ಇಡೀ ಬಾಳುವೆ ಕೆಲವೇ ನಿಮಿಷದಲ್ಲಿ ಬರುತ್ತದೆ, ಒಂದು ಮಾತೂ ಇಲ್ಲ, ಬರೀ ಸಂಗೀತ. ಅತ್ತೆಯವರಿಗೆ ಕಷ್ಟವೇ ಇಲ್ಲ.

ಆದರೆ ಎಲ್ಲರೂ ಆ ಶುರುವಿನ ಬಗ್ಗೆ ಮಾತ್ರ ಹೇಳುತ್ತಾರೆ. ನನಗೆ ಇಷ್ಟ ಆಮೇಲೆ ಬರುವ ಜಾಗ. (ಕಥೆ ಗೊತ್ತಾಗಬಾರದು ಅಂದರೆ ಇದನ್ನು ಓದಬೇಡಿ.) ಮುದುಕ ತೀರಿಕೊಂಡ ಹೆಂಡತಿಯ ಪುಸ್ತಕ ತೆರೆಯುತ್ತಾನೆ. ಅವಳು ಮಾಡಬೇಕು ಅಂದುಕೊಂಡಿದ್ದ ಸಾಹಸಗಳ ಪುಟ ಖಾಲಿ ಇದೆ ಅಂತ ಅಷ್ಟು ದಿನ ಕೊರಗಿದ್ದವನು. ನೋಡಿದರೆ ಅವಳು ಅಲ್ಲಿ ಅವರಿಬ್ಬರ ಸಂಸಾರದ ಫೋಟೋಗಳನ್ನೇ ಅಂಟಿಸಿಟ್ಟಿದ್ದಾಳೆ. ಅದನ್ನು ನೋಡಿದ ಮೇಲೆ ಜೊತೆಗೆ ಬಂದಿದ್ದ ಹುಡುಗನನ್ನು ಕಾಪಾಡಲು ಹೋಗಬೇಕು, ಬಲೂನು ಕಟ್ಟಿ ಹಾರಿಸಿಕೊಂಡು ಬಂದ ಮನೆ ಮೇಲೇಳುವುದಿಲ್ಲ, ಭಾರ ಜಾಸ್ತಿ. ಆಗ ಅಷ್ಟು ಜೋಪಾನ ಮಾಡಿದ್ದ ಸಾಮಾನನ್ನೆಲ್ಲ ತಾನೇ ಹೊರಗೆ ಹಾಕುತ್ತಾನೆ. ಮನೆ ಏಳುತ್ತದೆ, ಬಂಡೆಯ ಮೇಲೆ ಎರಡು ಕುರ್ಚಿ ಮಾತ್ರ ಜೊತೆಯಾಗಿ ನಿಂತಿರುತ್ತವೆ. ಮಕ್ಕಳಿಗೆ ಅದು ಮನೆ ಹಾರಿದ ಖುಷಿ. ದೊಡ್ಡವರಿಗೆ ಅವನು ಏನು ಬಿಟ್ಟ ಅಂತ ಗೊತ್ತು. ಎರಡೂ ಒಂದೇ ಕೆಲಸದಲ್ಲಿ ಆಗಿಹೋಯಿತು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದೇ ಅಂತ ನಾನು ನಂಬಿದ್ದೇನೆ: ಸಾಹಸ ಒಂದು ಕಡೆ, ಸೆಂಟಿಮೆಂಟ್ ಒಂದು ಕಡೆ ಇಡುವುದಿಲ್ಲ.

ಕುಂಬಳೆ ಓದುಗಿ:
'ಅಪ್' ನನಗೂ ಇಷ್ಟ, ಆದರೆ ಮಾತಾಡುವ ನಾಯಿಗಳು, ಖಳನಾಯಕ ಬಂದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಐದು ವರ್ಷದವಳಿಗೆ ನಾನು ಹೇಳುವುದು 'ಮೈ ನೇಬರ್ ಟೊಟೊರೊ'. ಜಪಾನಿನದ್ದು, ಹಯಾವೊ ಮಿಯಾಜಾಕಿ, 1988. ಅದರಲ್ಲಿ ಕೆಟ್ಟವರು ಅಂತ ಒಬ್ಬರೂ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿ, ಅಕ್ಕ ತಂಗಿ ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ, ಮರದ ಬುಡದಲ್ಲಿ ಒಂದು ದೊಡ್ಡ ಜೀವಿ ಸಿಗುತ್ತದೆ, ಅಷ್ಟೇ. ಮಳೆಯಲ್ಲಿ ಬಸ್ಸಿಗೆ ಕಾಯುವ ಜಾಗವಂತೂ ನಮ್ಮ ಕಡೆಯ ಜೂನ್ ತಿಂಗಳೇ. ಅಮ್ಮನಿಗೆ ತಿನ್ನಿಸಿದರೆ ಹುಷಾರಾಗುತ್ತಾಳೆ ಅಂತ ಸಣ್ಣ ಹುಡುಗಿ ಒಂದು ಜೋಳದ ತೆನೆ ಅಪ್ಪಿಕೊಂಡು ಒಬ್ಬಳೇ ಹೊರಡುತ್ತಾಳೆ. ಅವಳ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಹಸ ಇಲ್ಲ ಅಲ್ವಾ?

ಬದಿಯಡ್ಕದ ಸೊಸೆ:
ತುಂಬಾ ಥ್ಯಾಂಕ್ಸ್. ಹಾಗಾದರೆ ಟೊಟೊರೊ ಮೊದಲು, ಆಮೇಲೆ 'ಅಪ್'. 'ಫೈಂಡಿಂಗ್ ನೀಮೋ' ಸಣ್ಣವಳಿಗೆ ಆಗಬಹುದಾ?

ಮಂಜೇಶ್ವರದ ಮಾಷ್ಟ್ರು:
ಆಗುತ್ತದೆ, ಆದರೆ ಪಕ್ಕದಲ್ಲಿ ಕೂತುಕೊಳ್ಳಿ. ಶುರುವಿನಲ್ಲೇ ದೊಡ್ಡ ಮೀನು ಬಂದು ತಾಯಿಯನ್ನೂ ಮೊಟ್ಟೆಗಳನ್ನೂ ತಿಂದುಬಿಡುತ್ತದೆ, ಉಳಿಯುವುದು ಒಂದೇ ಮೊಟ್ಟೆ. ಕೆಲವು ಮಕ್ಕಳು ಅಲ್ಲೇ ಹೆದರಿ ಅಳುತ್ತವೆ. ಆದರೆ ಅದನ್ನು ಹಾರಿಸಬೇಡಿ, ಅಪ್ಪ ಮೀನು ಯಾಕೆ ಅಷ್ಟು ಹೆದರುತ್ತದೆ, ಮಗನನ್ನು ಎಲ್ಲಿಗೂ ಬಿಡುವುದಿಲ್ಲ ಯಾಕೆ ಅಂತ ಆಮೇಲೆ ಗೊತ್ತಾಗುವುದಿಲ್ಲ.