ಎದುರು ದೋಣಿ ಕಂಡರೆ ಬಲಕ್ಕೆ ತಿರುಗಿ ಮತ್ತೆ ಎಡಕ್ಕೇ ಬರುತ್ತದೆ: ಸ್ವಯಂಚಾಲಿತ ದೋಣಿಯ ಹಾವಿನ ಓಟ

ತೇಲುಮರ:
ಎರಡೂವರೆ ಮೀಟರ್ ಉದ್ದದ ಎಲೆಕ್ಟ್ರಿಕ್ ದೋಣಿ. ಆರ್ಡುಪೈಲಟ್ ರೋವರ್ ಎಂಬ ಸ್ವಯಂಚಾಲನೆಯ ತಂತ್ರಾಂಶದ ಮೇಲೆ ಓಡುತ್ತದೆ. ಡಿಕ್ಕಿ ತಪ್ಪಿಸುವ ಭಾಗ ಮತ್ತು ಎಐಎಸ್ (ಹಡಗುಗಳು ತಮ್ಮ ಸ್ಥಾನ, ದಿಕ್ಕು, ವೇಗವನ್ನು ರೇಡಿಯೋದಲ್ಲಿ ಸಾರುವ ವ್ಯವಸ್ಥೆ) ಸಂದೇಶ ಓದುವ ಪಾರ್ಸರ್ ಎರಡನ್ನೂ ನಾನೇ ಬರೆದಿದ್ದೇನೆ. ಸಿಮ್ಯುಲೇಟರಿನಲ್ಲಿ ನೂರಾರು ಸಲ ಓಡಿಸಿದೆ, ಒಮ್ಮೆಯೂ ತಪ್ಪಲಿಲ್ಲ.

ನೀರಿಗಿಳಿಸಿದರೆ ಬೇರೆಯೇ ಕಥೆ. ಗೆಳೆಯನ ಮೋಟಾರ್ ಬೋಟ್ ನೇರ ಎದುರಿನಿಂದ ಬಂತು. ನನ್ನ ದೋಣಿ ಸರಿಯಾಗಿ ಬಲಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಮತ್ತೆ ಎಡಕ್ಕೆ, ಆಮೇಲೆ ಮತ್ತೆ ಬಲಕ್ಕೆ. ಅಷ್ಟರಲ್ಲಿ ಅವನೂ ನಿಯಮದ ಪ್ರಕಾರ ತನ್ನ ಬಲಕ್ಕೆ ತಿರುಗಿದ್ದ, ನನ್ನದು ಎಡಕ್ಕೆ ಬಂದು ಅವನ ಮೇಲೇ ಹೋಗುವುದರಲ್ಲಿತ್ತು. ರಿಮೋಟಿನಿಂದ ಮೋಟಾರ್ ಆಫ್ ಮಾಡಿದೆ. ಪಿಐಡಿ (ದೋಣಿಯನ್ನು ಎಷ್ಟು ತಿರುಗಿಸಬೇಕೆಂದು ಲೆಕ್ಕ ಹಾಕುವ ಭಾಗ) ಬದಲಿಸಿ ನೋಡಿದೆ, ಏನೂ ಪ್ರಯೋಜನವಿಲ್ಲ. ಲಾಗಿನ ಮೂರು ಸಾಲು ಹಾಕುತ್ತಿದ್ದೇನೆ (ಹೆಡಿಂಗ್ ಅಂದರೆ ಮೂತಿ ಇರುವ ದಿಕ್ಕು, ಸಿಒಜಿ ಅಂದರೆ ದೋಣಿ ನಿಜವಾಗಿ ಸಾಗುತ್ತಿರುವ ದಿಕ್ಕು):

ನಮ್ಮ ಹೆಡಿಂಗ್ 020. ಎದುರು ದೋಣಿ ಬಲಕ್ಕೆ 3 ಡಿಗ್ರಿ, ಅದರ ಹೆಡಿಂಗ್ 151, ಸಿಒಜಿ 199. ತೀರ್ಮಾನ: ಅಡ್ಡ ದಾಟು, ನಾವು ದಾರಿ ಬಿಡಬೇಕು.
ನಮ್ಮ ಹೆಡಿಂಗ್ 041. ಎದುರು ದೋಣಿ ಎಡಕ್ಕೆ 19 ಡಿಗ್ರಿ, ಅದರ ಹೆಡಿಂಗ್ 151, ಸಿಒಜಿ 201. ತೀರ್ಮಾನ: ಅಡ್ಡ ದಾಟು, ಅವರು ದಾರಿ ಬಿಡಬೇಕು.
ನಮ್ಮ ಹೆಡಿಂಗ್ 019. ಎದುರು ದೋಣಿ ಬಲಕ್ಕೆ 2 ಡಿಗ್ರಿ, ಅದರ ಹೆಡಿಂಗ್ 151, ಸಿಒಜಿ 200. ತೀರ್ಮಾನ: ಅಡ್ಡ ದಾಟು, ನಾವು ದಾರಿ ಬಿಡಬೇಕು.

ಬಿಟ್ ಬಡಗಿ:
ಪಿಐಡಿ ಮುಟ್ಟಬೇಡಿ, ಪಾಪ ಅದರದ್ದೇನೂ ತಪ್ಪಿಲ್ಲ. 151 ನೋಡಿ. ದೋಣಿ 200ರ ಕಡೆಗೆ ಹೋಗುತ್ತಿದೆ, ಮೂತಿ ಮಾತ್ರ 151ಕ್ಕೆ ತಿರುಗಿದೆ, ಅದೂ ಮೂರು ಸಲವೂ ಒಂದು ಡಿಗ್ರಿ ಅಲುಗಾಡದೆ. ನೀರಿನ ಮೇಲೆ ಹಾಗಾಗುತ್ತದಾ? ಗೆಳೆಯರ ಬೋಟಿನಲ್ಲಿರುವುದು ಸಣ್ಣ ದೋಣಿಗಳಿಗಿರುವ ಕ್ಲಾಸ್ ಬಿ ಎಐಎಸ್, ಅದಕ್ಕೆ ದಿಕ್ಸೂಚಿ ಜೋಡಿಸಿಲ್ಲ ಅಲ್ವಾ? ಪಾರ್ಸರಿನಲ್ಲಿ ಹೆಡಿಂಗನ್ನು 360ರಿಂದ ಭಾಗಿಸಿ ಶೇಷ ತೆಗೆದುಕೊಳ್ಳುತ್ತಿದ್ದೀರಾ?

ತೇಲುಮರ:
ಹೌದು, ಎರಡೂ ಹೌದು! ಹೇಗೆ ಗೊತ್ತಾಯಿತು?

ಬಿಟ್ ಬಡಗಿ:
ಎಐಎಸ್‌ನಲ್ಲಿ ಹೆಡಿಂಗ್ 511 ಅಂದರೆ 'ಮಾಹಿತಿ ಇಲ್ಲ' ಎಂದರ್ಥ. 511ರಲ್ಲಿ 360 ಕಳೆದರೆ 151. ಇಲ್ಲದ ದಿಕ್ಕನ್ನು ನಿಮ್ಮ ಪಾರ್ಸರ್ ಸೃಷ್ಟಿ ಮಾಡಿದೆ, ಅದಕ್ಕೇ ನೇರ ಎದುರಿನಿಂದ ಬರುವ ದೋಣಿ ಅಡ್ಡ ದಾಟುವಂತೆ ಕಂಡಿದೆ. ಸಿಮ್ಯುಲೇಟರ್ ಯಾವಾಗಲೂ ನಿಜವಾದ ಹೆಡಿಂಗ್ ಕೊಡುತ್ತಿತ್ತು, ಅದಕ್ಕೇ ಅಲ್ಲಿ ಸಿಕ್ಕಿಬೀಳಲಿಲ್ಲ. ಇದೇ ಜಾತಿಯ ಬೇರೆ ಸಂಖ್ಯೆಗಳೂ ಇವೆ: ಸಿಒಜಿ 360.0, ವೇಗ 102.3 ನಾಟ್, ಅಕ್ಷಾಂಶ 91, ರೇಖಾಂಶ 181. ನನ್ನ ನಕ್ಷೆಯಲ್ಲಿ ಒಂದು ಹಡಗು ಉತ್ತರ ಧ್ರುವವನ್ನೂ ದಾಟಿ ನಿಂತಿತ್ತು, ಆಮೇಲೆ ಬುದ್ಧಿ ಬಂತು.

ಹೆಡಿಂಗ್ ಇಲ್ಲದಿದ್ದರೆ ಸಿಒಜಿ ಬಳಸಿ. ಆದರೆ ದೋಣಿ ನಿಂತೇ ಇರುವಾಗ ಸಿಒಜಿ ಸುಮ್ನೆ ಗಿರಗಿರ ತಿರುಗುತ್ತದೆ, ಆಗ ಅದನ್ನೂ ನಂಬಬೇಡಿ. ಇನ್ನೊಂದು ವಿಷಯ: ಮಾಮೂಲಿ ಕ್ಲಾಸ್ ಬಿ ಓಡುತ್ತಿರುವಾಗಲೂ 30 ಸೆಕೆಂಡಿಗೊಮ್ಮೆ ಮಾತ್ರ ಸ್ಥಾನ ಕಳಿಸುತ್ತದೆ. ನೀವು 4 ನಾಟ್, ಅವರು 6 ನಾಟ್ ಅಂದರೆ ಅಷ್ಟರಲ್ಲಿ ನಡುವಿನ ಅಂತರ ಸುಮಾರು 150 ಮೀಟರ್ ಕಡಿಮೆಯಾಗಿರುತ್ತದೆ. ಕೊನೆಯ ಸಂದೇಶದ ಸಮಯ ನೋಡಿ ಈಗ ಎಲ್ಲಿರಬಹುದು ಎಂದು ಅಂದಾಜು ಲೆಕ್ಕ ಹಾಕಿ.

ಹಳೇ ಚುಕ್ಕಾಣಿ:
ಹಡಗಿನ ಬ್ರಿಡ್ಜಿನಲ್ಲಿ (ಹಡಗು ನಡೆಸುವ ಕೋಣೆ) ಕಾವಲು ನಿಂತವನು ನಾನು, ಕೋಡ್ ಬರೆಯುವವನಲ್ಲ. 511 ಸರಿ ಮಾಡಿದರೂ ಹಾವಿನ ಓಟ ಪೂರ್ತಿ ನಿಲ್ಲುವುದಿಲ್ಲ.

ನಿಮ್ಮ ಮೂರು ಸಾಲನ್ನು ಕೂಡಿಸಿ ಕಳೆದು ನೋಡಿ. 20ಕ್ಕೆ 3 ಸೇರಿಸಿದರೆ 23. 41ರಲ್ಲಿ 19 ಹೋದರೆ 22. 19ಕ್ಕೆ 2 ಸೇರಿಸಿದರೆ 21. ಎದುರು ದೋಣಿ ಕಾಣುವ ದಿಕ್ಸೂಚಿ ದಿಕ್ಕು ಬದಲಾಗುತ್ತಲೇ ಇಲ್ಲ! ಕಾಲ್‌ರೆಗ್ಸ್‌ನ (ಕಡಲಿನಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳು) 7ನೇ ನಿಯಮದ ಪ್ರಕಾರ ಅದು ಡಿಕ್ಕಿಯ ಸೂಚನೆ. ನಿಮ್ಮ ಕೋಡ್ ಮಾತ್ರ ನಡುವೆ ಒಮ್ಮೆ 'ಅವರು ದಾರಿ ಬಿಡಲಿ' ಎಂದು ಆರಾಮಾಗಿ ಕೂತಿದೆ.

ಅದು ಪ್ರತಿ ಕ್ಷಣವೂ ಹೊಸದಾಗಿ ನೋಡಿ ಹೊಸದಾಗಿ ತೀರ್ಪು ಕೊಡುತ್ತಿದೆ. ನೀವು ಬಲಕ್ಕೆ ತಿರುಗಿದ ಕೂಡಲೇ ಎದುರಿನವನು ನಿಮ್ಮ ಎಡಕ್ಕೆ ಬರುತ್ತಾನೆ, ಬರಲೇಬೇಕು. ಅದನ್ನೇ ಹೊಸ ಭೇಟಿ ಎಂದುಕೊಂಡು, ತನ್ನ ಹೊಣೆ ಮುಗಿಯಿತೆಂದು ದೋಣಿ ಹಳೇ ಗೆರೆಗೆ ಮರಳುತ್ತಿದೆ. 13ನೇ ನಿಯಮ ಓದಿ. ಹಿಂದಿನಿಂದ ಬಂದು ದಾಟುವವನು, ನಡುವೆ ದಿಕ್ಕು ಎಷ್ಟೇ ಬದಲಾದರೂ, ಪೂರ್ತಿ ದಾಟಿ ದೂರ ಹೋಗುವವರೆಗೆ ದಾರಿ ಬಿಡಬೇಕಾದವನೇ. 8ನೇ ನಿಯಮವೂ ಅಷ್ಟೇ: ತಿರುಗಿದ್ದು ಫಲ ಕೊಟ್ಟಿತೇ ಎಂದು ಇನ್ನೊಂದು ಹಡಗು ದಾಟಿ ಹೋಗುವ ತನಕ ನೋಡುತ್ತಿರಬೇಕು. 1972ರಲ್ಲಿ ಈ ನಿಯಮ ಬರೆದವರ ತಲೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಮೊದಲ ತೀರ್ಮಾನ ನೆನಪಿರಬೇಕು ಎನ್ನುವುದು ಅದರೊಳಗೇ ಇದೆ.

ಎದುರುಬದುರೋ ಅಡ್ಡವೋ ಅನುಮಾನ ಬಂದರೆ ಎದುರುಬದುರು ಎಂದೇ ತಿಳಿಯಬೇಕು, ಇದು 14ನೇ ನಿಯಮ. ಇಷ್ಟೇ ಡಿಗ್ರಿ ಎಂದು ಅಲ್ಲಿ ಬರೆದಿಲ್ಲ. ಹಾಗಾಗಿ ನಿಮ್ಮ ಮಿತಿ ಸ್ವಲ್ಪ ಧಾರಾಳವಾಗಿರಲಿ. ತಿರುಗುವುದಿದ್ದರೆ ಬೇಗ ತಿರುಗಿ, ಎದುರಿನವನಿಗೆ ಕಾಣುವಷ್ಟು ತಿರುಗಿ. ಐದೈದು ಡಿಗ್ರಿ ಕೊಸರಾಡುವುದನ್ನು 8ನೇ ನಿಯಮವೇ ಬೇಡ ಎನ್ನುತ್ತದೆ.

ತೇಲುಮರ:
ಸರ್, ಇದು ನನಗೆ ಹೊಳೆದೇ ಇರಲಿಲ್ಲ. ಭೇಟಿ ಶುರುವಾದಾಗಿನ ತೀರ್ಮಾನವನ್ನು ಬೀಗ ಹಾಕಿ ಇಡುತ್ತೇನೆ. ಎದುರು ದೋಣಿ ಪೂರ್ತಿ ಹಿಂದೆ ಸರಿದು ದೂರವಾಗುತ್ತಿದ್ದರೆ ಮಾತ್ರ ಬೀಗ ತೆಗೆಯುತ್ತೇನೆ. ಒಂದು ಪ್ರಶ್ನೆ: ಮೇಲೆ ಮನುಷ್ಯರೇ ಇಲ್ಲದ ದೋಣಿಗೆ ಈ ನಿಯಮಗಳು ಅನ್ವಯಿಸುತ್ತವೆಯೇ?

ಹಳೇ ಚುಕ್ಕಾಣಿ:
ಜನರಿಲ್ಲದ ಹಡಗಿಗೆ ಎಂದು ವಿನಾಯಿತಿ ಕಾಲ್‌ರೆಗ್ಸ್‌ನಲ್ಲಿ ಎಲ್ಲೂ ಇಲ್ಲ. ತೊಡಕು ಬರುವುದು 5ನೇ ನಿಯಮದಲ್ಲಿ. ಕಣ್ಣು ಕಿವಿಯಿಂದ ಸದಾ ಕಾವಲಿರಬೇಕು ಎನ್ನುತ್ತದೆ ಅದು. ಆ ಕಣ್ಣು ಕ್ಯಾಮರಾ ಆದರೆ ಸಾಕೇ ಎನ್ನುವುದು ದೊಡ್ಡ ವಾದ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಯಾವ್ಯಾವ ನಿಯಮ ಇಂಥ ಹಡಗಿಗೆ ಒಗ್ಗುವುದಿಲ್ಲ ಎಂದು ಪಟ್ಟಿ ಮಾಡಿ 2021ರಲ್ಲಿ ಮುಗಿಸಿತು. ಆಮೇಲೆ ಪ್ರತ್ಯೇಕ ಸಂಹಿತೆಯ ಕೆಲಸ ಹಿಡಿಯಿತು, ಅದು ಮೊದಲು ಐಚ್ಛಿಕ. ಕಡ್ಡಾಯ ರೂಪ 2032ರ ಜನವರಿ 1ಕ್ಕೆ ಜಾರಿಯಾಗಬೇಕು ಎನ್ನುವುದು ಯೋಜನೆ. ಅದು ಸರಕು ಹಡಗುಗಳಿಗೆ, ನಿಮ್ಮ ಎರಡೂವರೆ ಮೀಟರಿಗಲ್ಲ. ಆದರೆ ಆ ಚರ್ಚೆಯಲ್ಲಿ ಒಪ್ಪಿದ ಒಂದು ಮಾತು ನಿಮಗೂ ಸಲ್ಲುತ್ತದೆ: ಹಡಗು ಎಷ್ಟೇ ಸ್ವಯಂಚಾಲಿತವಾಗಿರಲಿ, ಹೊಣೆ ಹೊರುವ ಮನುಷ್ಯ ಕ್ಯಾಪ್ಟನ್ ಒಬ್ಬ ಇರಲೇಬೇಕು, ಹಡಗಿನ ಮೇಲೇ ಇರಬೇಕೆಂದಿಲ್ಲ. ನಿಮ್ಮ ದೋಣಿಯ ಕ್ಯಾಪ್ಟನ್ ನೀವೇ. ನೀರಿಗಿಳಿಸುವ ಮುಂಚೆ ಆ ಜಾಗದ ಬಂದರು ಅಥವಾ ಜಲಸಾರಿಗೆ ಅಧಿಕಾರಿಗಳ ಅನುಮತಿ ತೆಗೆದುಕೊಳ್ಳಿ. ಪಕ್ಕದಲ್ಲಿ ಜನರಿರುವ ಬೆಂಗಾವಲು ದೋಣಿ ಇರಲಿ.

ಬಿಟ್ ಬಡಗಿ:
ರೇಡಿಯೋ ಸಂಪರ್ಕ ತಪ್ಪಿದಾಗ ಏನಾಗುತ್ತದೆ ಎಂದೂ ನೋಡಿಕೊಳ್ಳಿ. ಹೋಲ್ಡ್ ಮೋಡ್ ಇಟ್ಟಿದ್ದರೆ ಮೋಟಾರ್ ನಿಲ್ಲುತ್ತದೆ ಅಷ್ಟೇ, ದೋಣಿ ಗಾಳಿ ಎಳೆದತ್ತ ಹೋಗುತ್ತದೆ. ಇದ್ದಲ್ಲೇ ಇರಲಿ ಎಂದರೆ ಲಾಯಿಟರ್ ಮೋಡ್ ಬೇಕು. ಹೊರಟ ಜಾಗಕ್ಕೆ ವಾಪಸ್ ಬಾ ಎಂದರೆ ಕೆಲವೊಮ್ಮೆ ನೇರ ಗೆರೆ ಹಿಡಿದು ದಡವನ್ನೇ ಗುದ್ದುತ್ತದೆ.

ತೇಲುಮರ:
ಇವತ್ತು ಪರೀಕ್ಷೆ ಮಾಡಿದೆವು. 511 ಬಂದರೆ ಈಗ ಸಿಒಜಿ, ತೀರ್ಮಾನಕ್ಕೆ ಬೀಗ, ತಿರುಗುವುದು ಒಂದೇ ಸಲ 30 ಡಿಗ್ರಿ. ಆರು ಸಲ ಎದುರುಬದುರು ಓಡಿಸಿದೆವು. ಆರೂ ಸಲ ಬಲಕ್ಕೆ ತಿರುಗಿ, ಗೆಳೆಯನನ್ನು ಎಡಕ್ಕೆ ಬಿಟ್ಟುಕೊಂಡು ದಾಟಿತು. ಅವನು ಈ ಸಲ ಬೈಯಲಿಲ್ಲ.

ಆದರೆ ಏಳನೇ ಸಲ ಎಐಎಸ್ ಇಲ್ಲದ ಹುಟ್ಟುದೋಣಿಯೊಂದು ಅಡ್ಡ ಬಂತು. ನನ್ನದಕ್ಕೆ ಅದು ಕಾಣಿಸಲೇ ಇಲ್ಲ, ಬೆಂಗಾವಲಿನಿಂದ ನಾನೇ ನಿಲ್ಲಿಸಿದೆ. ಮುಂದಿನ ಕೆಲಸ ಕ್ಯಾಮರಾ. ಅದಕ್ಕೆ ಬೇರೆ ಥ್ರೆಡ್ ಶುರು ಮಾಡುತ್ತೇನೆ, ಇದನ್ನು 'ಪರಿಹಾರವಾಗಿದೆ' ಎಂದು ಗುರುತು ಮಾಡುತ್ತಿದ್ದೇನೆ.