ಹಂಚಿಕೊಂಡ ಡ್ರೈವ್‌ನಲ್ಲಿ ಒಬ್ಬರು ಸೇವ್ ಮಾಡಿದ ಫೈಲನ್ನು ಮತ್ತೊಬ್ಬರಿಗೆ ತಿದ್ದಲು ಆಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಮುದ್ರಣಾಲಯವೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಉಬುಂಟು ಲಿನಕ್ಸ್ ಹಾಕಿದ ಯಂತ್ರದಲ್ಲಿ, ವಿಂಡೋಸ್ ಯಂತ್ರಗಳಿಗೆ ಫೋಲ್ಡರ್ ಹಂಚುವ ಸಾಂಬಾ ತಂತ್ರಾಂಶದ ಮೂಲಕ ಹಂಚಿದ ಫೋಲ್ಡರ್ ಇದ್ದು, ಡಿಸೈನ್ ಮಾಡುವವರೂ ಬಿಲ್ಲಿಂಗ್‌ನವರೂ ತಮ್ಮ ತಮ್ಮ ವಿಂಡೋಸ್ ಯಂತ್ರಗಳಿಂದ ಅದನ್ನು ಬಳಸುತ್ತಾರೆ. ಒಬ್ಬರು ಮಾಡಿಟ್ಟ ಲಗ್ನಪತ್ರಿಕೆಯ ಫೈಲನ್ನು ಮತ್ತೊಬ್ಬರು ತೆರೆದು ನೋಡಬಹುದು; ಆದರೆ ಪ್ರೂಫ್ ತಿದ್ದಿ ಸೇವ್ ಮಾಡಲು ಹೋದರೆ ಅನುಮತಿ ಇಲ್ಲವೆಂದು ಬರುತ್ತದೆ. ನಿನ್ನೆಯವರೆಗೆ ಎಲ್ಲರೂ ತಿದ್ದುತ್ತಿದ್ದ ಎಕ್ಸೆಲ್ ದರಪಟ್ಟಿಯೂ, ಬಿಲ್ಲಿಂಗ್‌ನವರು ಒಮ್ಮೆ ಸೇವ್ ಮಾಡಿದ ಮೇಲೆ ಉಳಿದವರಿಗೆ ಓದಲಷ್ಟೇ ಸಿಗುತ್ತಿದೆ. ಇಡೀ ಫೋಲ್ಡರಿಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟರೆ ಸರಿಹೋಗುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಅದೇ ಪಾಡು. ಮದುವೆಯ ಕಾಲವಾದ್ದರಿಂದ ಕೆಲಸ ನಿಲ್ಲುವಂತಿಲ್ಲ. ಶಾಶ್ವತ ಪರಿಹಾರ ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಇಂಥ ಫೈಲನ್ನು ತಿದ್ದಬೇಕಾದರೆ ಸಾಂಬಾ ಒಪ್ಪಬೇಕು, ಅದರ ಹಿಂದಿರುವ ಲಿನಕ್ಸ್‌ ಕೂಡ ಒಪ್ಪಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದರ ಮಾತೇ ನಡೆಯುತ್ತದೆ. ಹೊಸ ಫೈಲ್ ಮಾಡಲು ಎಲ್ಲರಿಗೂ ಆಗುತ್ತಿದೆ ಎಂದಮೇಲೆ ಸಾಂಬಾ ಬರೆಯಲು ಬಿಟ್ಟಿದೆ ಎಂದಾಯಿತು. ಆದ್ದರಿಂದ ವಿಂಡೋಸ್ ಕಡೆ ಹುಡುಕುವುದನ್ನು ಬಿಟ್ಟು, ಸರ್ವರಿನಲ್ಲೇ ಆ ದರಪಟ್ಟಿಯ ಮೇಲೆ ಎಲ್‌ಎಸ್ -ಎಲ್ ಆಜ್ಞೆ ಓಡಿಸಿ, ಮಾಲೀಕರು, ಗುಂಪು, ಅನುಮತಿ ಏನು ಬರುತ್ತದೆಂದು ತಿಳಿಸಿ.

ಪ್ರಶ್ನೆ ಕೇಳಿದವರು

ಅನುಮತಿ -rwxr--r-- ಎಂದಿದೆ ಸರ್, ಅಂದರೆ 744: ಮಾಲೀಕರಿಗೆ ಎಲ್ಲವೂ, ಉಳಿದವರಿಗೆ ಓದಲು ಮಾತ್ರ. ಮಾಲೀಕರ ಜಾಗದಲ್ಲಿ ಬಿಲ್ಲಿಂಗ್‌ನವರ ಲಾಗಿನ್ ಹೆಸರು, ಗುಂಪಿನ ಜಾಗದಲ್ಲೂ ಅದೇ ಹೆಸರು. ಆ ಫೈಲನ್ನು ಮೊದಲು ಮಾಡಿದವರು ಡಿಸೈನ್ ವಿಭಾಗದವರು.

ಉತ್ತರ 1

ಕಾರಣ ಅಲ್ಲಿಯೇ ಇದೆ. ಎಕ್ಸೆಲ್ ಸೇವ್ ಮಾಡುವಾಗ ಹಳೆಯ ಫೈಲಿನೊಳಗೆ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲೊಂದನ್ನು ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಅದೇ ಹೆಸರಿಡುತ್ತದೆ. ಹಾಗಾಗಿ ಹೆಸರು ಹಳೆಯದಾದರೂ ಲಿನಕ್ಸ್‌ನ ಲೆಕ್ಕದಲ್ಲಿ ಅದು ಹೊಸ ಫೈಲ್, ಸೇವ್ ಮಾಡಿದವರೇ ಅದರ ಮಾಲೀಕರು. ಸಾಂಬಾದಲ್ಲಿ ನಾವು ಏನನ್ನೂ ಬದಲಿಸದಿದ್ದರೆ ಕ್ರಿಯೇಟ್ ಮಾಸ್ಕ್ (ಹೊಸ ಫೈಲಿಗೆ ಸಿಗಬಹುದಾದ ಅನುಮತಿಯ ಮಿತಿ) 0744 ಆಗಿರುತ್ತದೆ, ಅಂದರೆ ಗುಂಪಿಗೆ ಓದಲು ಮಾತ್ರ ಅವಕಾಶ. ನೀವು ಕೊಟ್ಟ 777 ಆಗ ಇದ್ದ ಫೈಲುಗಳಿಗಷ್ಟೇ ಅನ್ವಯಿಸಿತು.

ಎಲ್ಲರನ್ನೂ ಸೇರಿಸಿ ಪ್ರೆಸ್ ಎಂಬ ಒಂದು ಗುಂಪು ಮಾಡಿ, ಇಡೀ ಫೋಲ್ಡರಿನ ಗುಂಪನ್ನು ಅದಕ್ಕೆ ಬದಲಿಸಿ. ಫೋಲ್ಡರುಗಳಿಗೆ 2770, ಫೈಲುಗಳಿಗೆ 660 ಎಂದು ಬೇರೆ ಬೇರೆಯಾಗಿ ಕೊಡಿ; ಆಗ ಮಾಲೀಕರಿಗೂ ಗುಂಪಿಗೂ ಓದಲು ಬರೆಯಲು ಆಗುತ್ತದೆ, ಹೊರಗಿನವರಿಗೆ ಏನೂ ಇಲ್ಲ. ಮೊದಲಿನ 2 ಎಂಬ ಅಂಕಿಯೇ ಮುಖ್ಯ: ಆ ಫೋಲ್ಡರಿನಲ್ಲಿ ಯಾರೇ ಫೈಲ್ ಮಾಡಿದರೂ ಅದು ಫೋಲ್ಡರಿನ ಗುಂಪಿಗೇ ಸೇರುತ್ತದೆ. ಬಳಿಕ ಸಾಂಬಾದ ಕಾನ್ಫಿಗ್ ಫೈಲಿನಲ್ಲಿ ಆ ಫೋಲ್ಡರಿನ ಭಾಗಕ್ಕೆ ಕ್ರಿಯೇಟ್ ಮಾಸ್ಕ್ 0660, ಫೋರ್ಸ್ ಡೈರೆಕ್ಟರಿ ಮೋಡ್ 2770, ಫೋರ್ಸ್ ಗ್ರೂಪ್ ಪ್ರೆಸ್ ಎಂಬ ಮೂರು ಸಾಲು ಸೇರಿಸಿ, ಟೆಸ್ಟ್‌ಪಾರ್ಮ್ ಓಡಿಸಿ ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ಸೇವೆಯನ್ನು ರೀಸ್ಟಾರ್ಟ್ ಮಾಡಿ. 777 ಅನ್ನು ಮಾತ್ರ ಇನ್ನು ಮುಟ್ಟಬೇಡಿ. ಫೈಲನ್ನು ಅಳಿಸುವ ಹಕ್ಕು ಲಿನಕ್ಸ್‌ನಲ್ಲಿ ಅದನ್ನು ಇಟ್ಟಿರುವ ಫೋಲ್ಡರಿನ ಅನುಮತಿಯಿಂದ ಬರುವುದರಿಂದ, ಗ್ರಾಹಕರ ಬಿಲ್ಲುಗಳನ್ನು ಯಾರು ಬೇಕಾದರೂ ಅಳಿಸಿಬಿಡಬಹುದು.

ಉತ್ತರ 2

ಮೇಲಿನ ಉತ್ತರ ಸರಿಯಾಗಿದೆ. ಸರ್ವರಿನಲ್ಲೇ ಕುಳಿತು ಎಂವಿ ಆಜ್ಞೆಯಿಂದ ಫೈಲನ್ನು ಅದೇ ಡಿಸ್ಕಿನ ಬೇರೆ ಜಾಗದಿಂದ ಇಲ್ಲಿಗೆ ತಂದರೆ ಅದು ಹಳೆಯ ಗುಂಪನ್ನೂ ಹಳೆಯ ಅನುಮತಿಯನ್ನೂ ಹೊತ್ತೇ ಬರುತ್ತದೆ ಎಂಬುದು ನೆನಪಿರಲಿ. ಅಂಥವುಗಳಿಗೆ ಗುಂಪನ್ನೂ ಅನುಮತಿಯನ್ನೂ ಕೈಯಾರೆ ಬದಲಿಸಬೇಕು.

ಇಷ್ಟಾದ ಮೇಲೂ ಎಕ್ಸೆಲ್ ಫೈಲ್ ಓದಲಷ್ಟೇ ತೆರೆದುಕೊಂಡರೆ ಸಂದೇಶವನ್ನು ಗಮನವಿಟ್ಟು ಓದಿ. ಇಂಥವರು ತಿದ್ದುತ್ತಿದ್ದಾರೆ ಎಂದು ಹೆಸರು ತೋರಿಸಿದರೆ ಅದು ಅನುಮತಿಯ ತೊಂದರೆಯಲ್ಲ. ಕರೆಂಟ್ ಹೋಗಿ ಯಂತ್ರ ಏಕಾಏಕಿ ಆರಿದಾಗ ~$ ಚಿಹ್ನೆಯಿಂದ ಶುರುವಾಗುವ ಅಡಗಿದ ಫೈಲೊಂದು ಫೋಲ್ಡರಿನಲ್ಲೇ ಉಳಿದುಬಿಡುವುದುಂಟು. ಆ ದರಪಟ್ಟಿ ಯಾರಲ್ಲೂ ತೆರೆದಿಲ್ಲವೆಂದು, ತೆರೆದಿರುವ ಫೈಲುಗಳನ್ನು ತೋರಿಸುವ ಎಸ್‌ಎಂಬಿ‌ಸ್ಟೇಟಸ್‌ನಲ್ಲಿ ನೋಡಿಕೊಂಡು ಆ ~$ ಫೈಲನ್ನು ಮಾತ್ರ ಅಳಿಸಿದರೆ ಸಾಕು.