ನಮ್ಮಿಬ್ಬರದ್ದೂ ಕಪ್ಪು ಕಣ್ಣು, ಮಗಳಿಗೆ ಮಾತ್ರ ಬೆಕ್ಕಿನ ಕಣ್ಣು. ಹೇಗೆ?

ತುಮಕೂರಿನ ಅಮ್ಮ:
ನಮ್ಮ ಎರಡನೇ ಮಗಳಿಗೆ ಈಗ ಒಂದೂವರೆ ವರ್ಷ. ನನ್ನದೂ ನಮ್ಮ ಯಜಮಾನರದ್ದೂ ಕಪ್ಪು ಕಣ್ಣು. ಇವಳದ್ದು ಜೇನಿನ ಬಣ್ಣ, ಬಿಸಿಲಿಗೆ ಕರೆದುಕೊಂಡು ಬಂದರೆ ಸ್ವಲ್ಪ ಹಸಿರು ಕೂಡ ಕಾಣುತ್ತದೆ. ಕೂದಲು ಕೆಂಚು. ಆದರೆ ಮೈಬಣ್ಣ ಅಕ್ಕನಿಗಿಂತ ಕಪ್ಪು. ದೊಡ್ಡವಳು ಅವರಪ್ಪನಿಗಿಂತಲೂ ಬೆಳ್ಳಗಿದ್ದಾಳೆ. ಮನೆಗೆ ಬಂದವರೆಲ್ಲ ಇವಳು ಯಾರ ಹಾಗೆ ಅಂತ ಕೇಳುತ್ತಾರೆ. ನೆಂಟರೊಬ್ಬರು, ಬಸುರಿಯಾಗಿದ್ದಾಗ ಕೇಸರಿ ಹಾಲು ಸರಿಯಾಗಿ ಕುಡಿಯಲಿಲ್ಲ, ಮೇಲಿಂದ ಕಬ್ಬಿಣದ ಮಾತ್ರೆ ನುಂಗಿದೆ, ಅದಕ್ಕೇ ಮಗು ಕಪ್ಪಾಯಿತು ಎಂದರು. ಆ ಮಾತು ತುಂಬಾ ನೋಯಿಸಿತು. ಸ್ಕೂಲಿನಲ್ಲಿ ಬಟಾಣಿ ಗಿಡದ ಪಾಠ ಓದಿದ್ದು ನೆನಪಿದೆ, ಆದರೆ ಆ ಲೆಕ್ಕಕ್ಕೆ ಇದು ಹೊಂದುತ್ತಿಲ್ಲ. ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಬರುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬಯಾಲಜಿ ಮೇಷ್ಟ್ರು:
ಖಂಡಿತ ಬರುತ್ತದೆ ಮೇಡಂ. ಬಟಾಣಿಯ ಲೆಕ್ಕ ಇಲ್ಲಿ ಸಾಲುವುದಿಲ್ಲ, ಯಾಕೆಂದರೆ ಬಣ್ಣವನ್ನು ಒಂದೇ ಜೀನ್ ತೀರ್ಮಾನ ಮಾಡುವುದಿಲ್ಲ.

ಮೊದಲು ಕಣ್ಣು. ಕಣ್ಣಿನೊಳಗೆ ಹಸಿರು ಬಣ್ಣ, ನೀಲಿ ಬಣ್ಣ ಅಂತ ಬೇರೆ ಬೇರೆ ಇರುವುದಿಲ್ಲ. ಇರುವುದು ಮೆಲನಿನ್ ಎಂಬ ಕಂದುಗಪ್ಪು ಬಣ್ಣದ ವಸ್ತು. ಕಣ್ಣಿನ ಪಾಪೆಯ ಸುತ್ತಲಿನ ಬಳೆಯ ಮುಂದಿನ ಪದರದಲ್ಲಿ ಅದು ಜಾಸ್ತಿ ಇದ್ದರೆ ಕಪ್ಪು, ಕಡಿಮೆ ಇದ್ದರೆ ಜೇನು ಬಣ್ಣ, ತೀರಾ ಕಡಿಮೆ ಇದ್ದರೆ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ. 15ನೇ ಕ್ರೋಮೋಸೋಮ್‌ನಲ್ಲಿ ಓಸಿಎ2 ಎಂಬ ಜೀನ್ ಇದೆ, ಮೆಲನಿನ್ ತಯಾರಾಗಲು ಅದು ಬೇಕು. ಅದರ ಪಕ್ಕದಲ್ಲೇ ಎಚ್‌ಇಆರ್‌ಸಿ2 ಎಂಬ ಇನ್ನೊಂದು ಜೀನ್. ಈ ಪಕ್ಕದ ಜೀನ್‌ನೊಳಗೆ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಓಸಿಎ2 ಕೆಲಸ ತಗ್ಗುತ್ತದೆ, ಕಣ್ಣು ತಿಳಿಯಾಗುತ್ತದೆ. ಇದು 2008ರಲ್ಲಿ ಗೊತ್ತಾಯಿತು. ಎಲ್ಲರಲ್ಲೂ ಇಂಥ ಜೀನ್‌ನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಪ್ಪ ಅಮ್ಮ ಇಬ್ಬರಲ್ಲೂ ಹಾಗೆ ಬದಲಾದ ಒಂದು ಪ್ರತಿ ಅಡಗಿ ಕೂತಿರಬಹುದು. ಇನ್ನೊಂದು ಪ್ರತಿ ಚೆನ್ನಾಗಿ ಕೆಲಸ ಮಾಡುವುದರಿಂದ ಇಬ್ಬರ ಕಣ್ಣೂ ಕಪ್ಪೇ. ಮಗುವಿಗೆ ಎರಡೂ ಕಡೆಯಿಂದ ತಿಳಿ ಪ್ರತಿಯೇ ಬಂದರೆ ಮುಗಿಯಿತು. ಇದರ ಜೊತೆ ಇನ್ನೂ ಹಲವು ಜೀನ್‌ಗಳು ಕೈ ಹಾಕುತ್ತವೆ, ಹಾಗಾಗಿ ಜೇನು, ಹಸಿರು, ಬೂದು ಅಂತ ಇಷ್ಟೊಂದು ಛಾಯೆ. ಇಬ್ಬರೂ ನೀಲಿ ಕಣ್ಣಿನವರಾಗಿದ್ದು ಅಪರೂಪಕ್ಕೆ ಕಂದು ಕಣ್ಣಿನ ಮಗು ಹುಟ್ಟುವುದೂ ಉಂಟು.

ಚರ್ಮದ ಕಥೆ ಇನ್ನೂ ದೊಡ್ಡದು. ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಎಂಥದ್ದು ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಪಟ್ಟೆ ಮಾಸಿದ ಜೀಬ್ರಾ ಮೀನನ್ನು ಪರೀಕ್ಷಿಸುತ್ತಾ ಎಸ್‌ಎಲ್‌ಸಿ24ಎ5 ಎಂಬ ಜೀನ್ ಹಿಡಿದರು, ಮನುಷ್ಯರಲ್ಲೂ ಅದೇ ಜೀನ್ ಮೈಬಣ್ಣದ ಮೇಲೆ ದೊಡ್ಡ ಪ್ರಭಾವ ಬೀರುತ್ತದೆ ಅಂತ ತಿಳಿಯಿತು. ಅದರ ತಿಳಿ ಬಗೆ ಭಾರತದಲ್ಲಿ ಉತ್ತರದಲ್ಲೂ ಇದೆ, ದಕ್ಷಿಣದಲ್ಲೂ ಇದೆ. ಗಂಡ ಹೆಂಡತಿ ಇಬ್ಬರೂ ಒಂದೊಂದು ತಿಳಿ ಪ್ರತಿ, ಒಂದೊಂದು ಕಪ್ಪು ಪ್ರತಿ ಹೊತ್ತಿದ್ದಾರೆ ಅಂದುಕೊಳ್ಳಿ. ಪ್ರತಿ ಮಗುವಿಗೂ ಎರಡೂ ತಿಳಿ ಪ್ರತಿ ಸಿಗುವ ಸಾಧ್ಯತೆ 4ರಲ್ಲಿ 1, ಎರಡೂ ಕಪ್ಪು ಪ್ರತಿ ಸಿಗುವುದೂ 4ರಲ್ಲಿ 1. ಇಂಥ ಎಷ್ಟೋ ಜೀನ್‌ಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಇಸ್ಪೀಟೆಲೆ ಕಲಸಿ ಹಂಚಿದ ಹಾಗೆ, ಕಟ್ಟು ಒಂದೇ ಆದರೂ ಅಕ್ಕನ ಕೈಗೆ ಬಂದದ್ದು ತಂಗಿಗೆ ಬರುವುದಿಲ್ಲ.

ಕೊಡಗಿನವಳು:
ಸರ್, ಹಾಗಾದರೆ ತಿಳಿ ಕಣ್ಣಿಗೂ ಕಪ್ಪು ಮೈಬಣ್ಣಕ್ಕೂ ಸಂಬಂಧವೇ ಇಲ್ಲವಾ? ಒಂದು ತಿಳಿಯಾದರೆ ಎಲ್ಲವೂ ತಿಳಿಯಾಗಬೇಕು ಅಂತ ಅಲ್ವಾ ಜನ ಅಂದುಕೊಳ್ಳುವುದು?

ಬಯಾಲಜಿ ಮೇಷ್ಟ್ರು:
ಸ್ವಲ್ಪ ಸಂಬಂಧ ಇದೆ, ಕೆಲವು ಜೀನ್‌ಗಳು ಎರಡು ಕಡೆಯೂ ಕೆಲಸ ಮಾಡುತ್ತವೆ. ಆದರೆ ಬೇರೆ ಬೇರೆಯಾಗಿಯೂ ಬರಬಹುದು. ಸ್ಪೇನಿನಲ್ಲಿ ಸಿಕ್ಕ ಸುಮಾರು 7,000 ವರ್ಷ ಹಳೆಯ ಅಸ್ಥಿಪಂಜರದ ಡಿಎನ್‌ಎ ಓದಿದಾಗ ಆತನದ್ದು ಕಪ್ಪು ಮೈ, ನೀಲಿ ಕಣ್ಣು ಅಂತ ತೋರಿತು. ಶಾಂತ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಕಡುಕಪ್ಪು ಮೈಬಣ್ಣದವರಲ್ಲೇ ಕೆಲವರಿಗೆ ಹೊಂಬಣ್ಣದ ಕೂದಲು. ಯುರೋಪಿಯನ್ನರಿಂದ ಬಂದಿರಬೇಕು ಅಂತ ಹಲವರು ಅಂದುಕೊಂಡಿದ್ದರು. 2012ರಲ್ಲಿ ನೋಡಿದರೆ ಅದಕ್ಕೆ ಕಾರಣ ಟಿವೈಆರ್‌ಪಿ1 ಎಂಬ ಜೀನ್‌ನ ಒಂದು ಬದಲಾವಣೆ, ಯುರೋಪಿನವರಲ್ಲಿ ಅದು ಇಲ್ಲವೇ ಇಲ್ಲ.

ಮಕ್ಕಳ ಡಾಕ್ಟರ್:
ಕಬ್ಬಿಣದ ಮಾತ್ರೆಯ ಮಾತು ಓದಿ ಸಿಟ್ಟು ಬಂತು. ಈ ನಂಬಿಕೆಯಿಂದ ಮಾತ್ರೆಯನ್ನು ಕಸಕ್ಕೆ ಎಸೆಯುವ ಬಸುರಿಯರಿದ್ದಾರೆ, ರಕ್ತ ಕಡಿಮೆಯಾಗಿ ಹೆರಿಗೆಯಲ್ಲಿ ಜೀವಕ್ಕೇ ಕುತ್ತು ಬರುತ್ತದೆ. ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಮಗು ಕಪ್ಪಾಗುವುದಿಲ್ಲ. ಕೇಸರಿಯಿಂದ ಮಗು ಬೆಳ್ಳಗೂ ಆಗುವುದಿಲ್ಲ. ನೀವು ಮಾತ್ರೆ ನುಂಗಿದ್ದು ಸರಿಯಾದ ಕೆಲಸ ಅಮ್ಮ, ಅದನ್ನು ಆ ನೆಂಟರಿಗೂ ಹೇಳಿ.

ನಿಮ್ಮ ಮಗಳ ವಿಷಯದಲ್ಲಿ ಎರಡು ಮಾತು. ಕೆಂಚು ಕೂದಲು ಹುಟ್ಟಿನಿಂದಲೇ ಇದ್ದು ಮಗು ಚೆನ್ನಾಗಿ ಬೆಳೆಯುತ್ತಿದ್ದರೆ ಚಿಂತೆ ಬೇಡ. ಮೊದಲು ಕಪ್ಪಗಿದ್ದು ಈಗೀಗ ಕೆಂಚಾಗಿ, ತೆಳ್ಳಗಾಗಿ ಉದುರುತ್ತಿದ್ದರೆ ತೂಕ ನೋಡಿಸಿ, ಊಟದಲ್ಲಿ ಪ್ರೋಟೀನ್ ಕಡಿಮೆಯಾದರೂ ಹೀಗಾಗುತ್ತದೆ. ಇನ್ನು ಜೇನು ಬಣ್ಣದ ಕಣ್ಣು ಕಾಯಿಲೆ ಅಲ್ಲ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ: ನಮ್ಮ ಕಡೆಯ ಮಗುವಿಗೆ ಎದ್ದು ಕಾಣುವ ತಿಳಿನೀಲಿ ಕಣ್ಣು ಇದ್ದರೆ, ಅಥವಾ ಒಂದು ಕಣ್ಣು ನೀಲಿ ಒಂದು ಕಪ್ಪು ಇದ್ದರೆ, ಹಣೆಯ ಮೇಲೆ ಬಿಳಿ ಕೂದಲಿನ ಗೊಂಚಲಿದ್ದರೆ, ಕಿವಿ ಪರೀಕ್ಷೆ ಮಾಡಿಸಲೇಬೇಕು. ವಾರ್ಡನ್‌ಬರ್ಗ್ ಸಿಂಡ್ರೋಮ್ ಅಂತ ಇದೆ, ಅದರಲ್ಲಿ ಬಣ್ಣದ ಜೊತೆ ಕಿವುಡುತನವೂ ಬರಬಹುದು. ಬೇಗ ಗೊತ್ತಾದರೆ ಮಗುವಿಗೆ ಮಾತು ಕಲಿಸಬಹುದು. ಕೂದಲು, ಮೈ ಎಲ್ಲ ಬೆಳ್ಳಗಿದ್ದು ಕಣ್ಣುಗುಡ್ಡೆ ಅಲುಗಾಡುತ್ತಿದ್ದರೆ ಅದು ಆಲ್ಬಿನಿಸಂ, ಅಂದರೆ ಹುಟ್ಟಿನಿಂದಲೇ ಮೆಲನಿನ್ ಸರಿಯಾಗಿ ತಯಾರಾಗದ ಸ್ಥಿತಿ ಇರಬಹುದು, ಕಣ್ಣಿನ ಡಾಕ್ಟರಿಗೆ ತೋರಿಸಿ, ಬಿಸಿಲಿನಿಂದ ಕಾಪಾಡಿ.

ತುಮಕೂರಿನ ಅಮ್ಮ:
ತುಂಬಾ ಧನ್ಯವಾದ ಎಲ್ಲರಿಗೂ. ಕೂದಲು ಹುಟ್ಟಿದಾಗಿನಿಂದ ಹೀಗೇ ಇದೆ, ತೂಕವೂ ಸರಿಯಾಗಿದೆ. ಇನ್ನೊಂದೇ ಪ್ರಶ್ನೆ. ಬೆಕ್ಕಿನ ಕಣ್ಣು ಇದ್ದರೆ ಹಿಂದೆ ಯಾವುದೋ ಕಾಲದಲ್ಲಿ ಪೋರ್ಚುಗೀಸರ ರಕ್ತ ಸೇರಿರುತ್ತದೆ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ?

ಬಯಾಲಜಿ ಮೇಷ್ಟ್ರು:
ಹಾಗೆ ಹೇಳಲು ಆಧಾರ ಇಲ್ಲ. ತಿಳಿ ಕಣ್ಣಿನ ಆ ಒಂದು ಅಕ್ಷರದ ಬದಲಾವಣೆ ಇಟಲಿಯಲ್ಲಿ ಸಿಕ್ಕ ಸುಮಾರು 14,000 ವರ್ಷ ಹಿಂದಿನ ಬೇಟೆಗಾರನಲ್ಲೂ ಇತ್ತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಜನ ವಾಯವ್ಯದ ದಾರಿಯಲ್ಲಿ ಬರುತ್ತಲೇ ಇದ್ದರು, ಮದುವೆ ಸಂಬಂಧ ನಡೆಯುತ್ತಲೇ ಇತ್ತು. ಮೈಬಣ್ಣದ್ದೂ ಅಷ್ಟೇ: ಎಸ್‌ಎಲ್‌ಸಿ24ಎ5ನ ತಿಳಿ ಬಗೆ 22ರಿಂದ 28 ಸಾವಿರ ವರ್ಷ ಹಳೆಯದು, ನಮ್ಮಲ್ಲಿರುವುದೂ ಯುರೋಪಿನವರಲ್ಲಿರುವುದೂ ಒಂದೇ ಮೂಲದ್ದು ಅಂತ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆ ಮತ್ತು ಎಸ್ಟೋನಿಯಾದ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದಾರೆ. ಅಡಗಿ ಕೂತ ಪ್ರತಿ ಎಷ್ಟೋ ತಲೆಮಾರು ಹಾಗೇ ದಾಟಿ ಬರಬಹುದು. ಕಣ್ಣು ನೋಡಿ ವಂಶ ಹೇಳಲು ಆಗುವುದಿಲ್ಲ, ಮಾವನಿಗೂ ಆಗುವುದಿಲ್ಲ ನನಗೂ ಆಗುವುದಿಲ್ಲ.